ಕ್ಯಾಮೆರಾದ ಪಕ್ಕದ ಕುರ್ಚಿ

ನನ್ನ ಓದು ಬಹುಪಾಲು ನಡೆದದ್ದು ಕೋಥರೂಡದಿಂದ ಕಾರ್ಖಾನೆಯಿರುವ ರಾಂಜಣಗಾಂವಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ. ಅರ್ಥಶಾಸ್ತ್ರ, ಯಂತ್ರಗಳ ಚರಿತ್ರೆ, ಒಂದಿಷ್ಟು ತತ್ವಶಾಸ್ತ್ರ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಮರಾಠಿ ಸಹೋದ್ಯೋಗಿ ರಕ್ಷಾಪುಟ ನೋಡಿ, "ಆಜ್ ಕಾಯ್ ಮ್ಹಣತೋ ತುಮಚಾ ಪಂಡಿತ್?" ಎನ್ನುತ್ತಿದ್ದ. ನಿಮ್ಮ ಪಂಡಿತ, ಅಂದರೆ ಪುಸ್ತಕ ಬರೆದವನು, ಇವತ್ತು ಏನೆನ್ನುತ್ತಾನೆ ಎಂದು ಅವನ ಪ್ರಶ್ನೆ. ಯಂತ್ರಗಳು ದುಡಿಯುತ್ತವಂತೆ, ಮನುಷ್ಯನಿಗೆ ಬಿಡುವು ಸಿಗುತ್ತದಂತೆ ಎಂದರೆ ನಕ್ಕು, ಕಿಟಕಿಗೆ ತಲೆಯಾನಿಸಿ ನಿದ್ದೆಹೋಗುತ್ತಿದ್ದ.

ನಮ್ಮಿಬ್ಬರ ಕೆಲಸ ನೋಡುವುದು. ಬಣ್ಣ ಬಳಿದ ಲೋಹದ ಬಿಡಿಭಾಗಗಳನ್ನು ದೀಪದ ಕೆಳಗೆ ತಿರುಗಿಸಿ, ಗೀರೋ ಗುಳ್ಳೆಯೋ ಇದ್ದರೆ ತೆಗೆದಿಡುವುದು. ಹೋದ ವರ್ಷ ಆ ಜಾಗಕ್ಕೆ ಕ್ಯಾಮೆರಾ ಬಂತು. ಅವನನ್ನು ಪ್ಯಾಕಿಂಗಿಗೆ ಹಾಕಿದರು. ಪಾಳಿ ಬೇರೆಯಾಯಿತು, ಬಸ್ಸೂ ಬೇರೆಯಾಯಿತು. ನನ್ನನ್ನು ಕ್ಯಾಮೆರಾದ ಪಕ್ಕ ಕೂರಿಸಿದರು. ಅದು ತೋರಿಸಿದ ಚಿತ್ರಕ್ಕೆಲ್ಲ ಸರಿ ಅಥವಾ ತಪ್ಪು ಎಂದು ನಾನು ಗುಂಡಿ ಒತ್ತಬೇಕು, ಅದು ನನ್ನಿಂದ ಕಲಿಯಬೇಕು.

ಒಂದು ಮಧ್ಯಾಹ್ನ ನಾನು ಸರಿಯೆಂದದ್ದನ್ನು ಅದು ತಪ್ಪೆಂದಿತು. ನಾನು ಪಟ್ಟು ಹಿಡಿದೆ. ಮೇಲ್ವಿಚಾರಕ ಭೂತಗನ್ನಡಿ ತರಿಸಿ ನೋಡಿದ. ಅಂಚಿನಲ್ಲಿ ಕೂದಲೆಳೆಯಂಥ ಬಿರುಕಿತ್ತು. ಅವನು ನನ್ನ ಹೆಗಲು ತಟ್ಟಿ ಹೋದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅರಿವು ಎಂದರೇನು ಎಂಬುದರ ಬಗ್ಗೆ ಎಷ್ಟೊಂದು ಪುಟ ಓದಿದ್ದೆ! ನನ್ನ ಕಣ್ಣಿಗೆ ಗೊತ್ತಿರುವುದು ನನ್ನದು ಎಂದೇ ನಂಬಿದ್ದೆ. ಈಗ ಅದು ಗೋಡೆಗೆ ಬಿಗಿದ ಪೆಟ್ಟಿಗೆಯೊಳಗೂ ಇತ್ತು. ಅಲ್ಲಿ ಅದಕ್ಕೆ ದಣಿವಿರಲಿಲ್ಲ.

ಸಂಜೆ ಮನೆಗೆ ಬಂದು ಪುಸ್ತಕ ತೆರೆದರೆ ಅಕ್ಷರಗಳು ಮಂಜಾದವು. ದಿನವಿಡೀ ಪರದೆ ನೋಡಿ ಕಣ್ಣು ಉರಿಯುತ್ತಿತ್ತು. ಹೆಂಡತಿ ಪುಸ್ತಕ ಕಸಿದುಕೊಂಡಳು.

"ಕಣ್ಣ ಮುಚ್ಚಿ ಕೂಡ್ರಿ. ನಾ ಓದ್ತೀನಿ."

ಬಿಡುವಿನ ಬಗ್ಗೆಯೇ ಇದ್ದ ಅಧ್ಯಾಯ. ಸ್ವಲ್ಪ ಓದಿ ನಿಲ್ಲಿಸಿದಳು.

"ಬಿಡುವು ಸಿಗತದ, ಬಿಡುವು ಸಿಗತದ ಅಂತ ಬರ್ದಾರ. ಯಾರಿಗಂತ ಎಲ್ಲೂ ಬರ್ದಿಲ್ಲಲ್ರಿ? ಮಿಕ್ಸರ್ ಬಂತು, ವಾಷಿಂಗ್ ಮಷೀನ್ ಬಂತು. ನಾ ಸುಮ್ನ ಕುಂತಿದ್ದು ಯಾವಾಗರ ನೋಡೀರೇನು?"

"ಈಗ ಕುಂತೀಯಲ್ಲ."

"ಈಗೂ ನಿಮಗ ಓದಿ ಹೇಳಾಕತ್ತೀನಿ."

ಇಬ್ಬರೂ ನಕ್ಕೆವು. ನಗಲೂ ಹೆಚ್ಚು ತ್ರಾಣವಿರಲಿಲ್ಲ.

ನನ್ನ ಕೆಲಸವೇನೋ ಉಳಿದಿದೆ. ಕ್ಯಾಮೆರಾ ಈಗ ತನಗೆ ಅನುಮಾನ ಬಂದದ್ದನ್ನಷ್ಟೇ ತೋರಿಸುತ್ತದೆ, ಅದರ ಅನುಮಾನಗಳು ದಿನೇದಿನೇ ಕಡಿಮೆಯಾಗುತ್ತಿವೆ. ಮುಂದಿನ ಚಿತ್ರ ಬರುವವರೆಗೆ ಸುಮ್ಮನೆ ಕಾಯಬೇಕು. ಹಾಗೆ ಕೂತು ಬರುವ ಆಯಾಸ, ನಿಂತು ದುಡಿದಾಗಿನ ಆಯಾಸಕ್ಕಿಂತ ಭಾರ.

ಸಂಜೆಯ ಓದು ಈಗ ಅವಳದೇ. ಒಪ್ಪಿಗೆಯಾಗದ ಕಡೆ ನಿಲ್ಲಿಸಿ ವಾದಕ್ಕಿಳಿಯುತ್ತಾಳೆ, ಹಾಗಾಗಿ ಒಂದು ಪುಸ್ತಕವೂ ಬೇಗ ಮುಗಿಯುವುದಿಲ್ಲ. ನಿನ್ನೆ ಅವಳ ವಾದದ ನಡುವೆಯೇ ನಾನು ನಿದ್ದೆಹೋದೆನಂತೆ. ಎಬ್ಬಿಸದೆ, ಅಧ್ಯಾಯವನ್ನು ತನ್ನಷ್ಟಕ್ಕೆ ಓದಿ ಮುಗಿಸಿಯೇ ಅವಳು ಅಡುಗೆಗೆ ಎದ್ದಳಂತೆ.