ಎರಡು ಲ್ಯಾಪ್‌ಟಾಪು, ಒಂದು ಅಧ್ಯಾಯ, ಚಿಟಿಕೆ ಕುಂಕುಮ

ಇದು ನಡೆದದ್ದು ಮಸ್ಕಿಯಲ್ಲಿ ಎಂದು ನಾನು ಹೇಳುತ್ತೇನೆ. ಲಿಂಗಸುಗೂರಿನಲ್ಲಿ ಎಂದು ಅಕ್ಕ ಹೇಳುತ್ತಾಳೆ. ಮನೆ ಮಾಮನದು, ಮಾಮ ಎಂದೂ ಮಸ್ಕಿ ಬಿಟ್ಟು ಬೇರೆ ಕಡೆ ಮನೆ ಮಾಡಿದವರಲ್ಲ. ಹಾಗಾಗಿ ಈ ಒಂದು ವಿಷಯದಲ್ಲಿ ನಾನೇ ಸರಿ ಇರಬೇಕು. ಉಳಿದದ್ದರಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ತೊಂಬತ್ತರ ದಶಕದ ಕೊನೆ ಎಂಬುದು ಖಚಿತ, ಯಾವ ವರ್ಷ ಎಂದರೆ ತಡವರಿಸುತ್ತೇನೆ. ಭೌತಶಾಸ್ತ್ರ ಓದಿದವನು ನಾನು. ಅಳತೆಯ ಜೊತೆಗೆ ಅಳತೆಯ ತಪ್ಪನ್ನೂ ಬರೆಯಬೇಕೆಂದು ಕಲಿಸಿದ್ದಾರೆ. ನೆನಪಿಗೆ ಆ ನಿಯಮ ಹಚ್ಚಿದರೆ ಕಥೆಗಿಂತ ತಪ್ಪಿನ ಪಟ್ಟಿಯೇ ಉದ್ದವಾದೀತು.

ಅಕ್ಕ ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಕಾಲುವೆ ನೀರು ಬಂದ ಮೇಲೆ ಹೆಂಗಸರ ದುಡಿಮೆ ಹೇಗೆ ಬದಲಾಯಿತು ಎಂಬುದು ಅವಳ ಪಿಎಚ್.ಡಿ. ವಿಷಯ. ಐದು ಅಧ್ಯಾಯಗಳು ಅಚ್ಚಾಗಿ ಗುಲ್ಬರ್ಗದ ಗೈಡ್ ಕೈ ಸೇರಿದ್ದವು. ಆರನೆಯದು, ದಢೇಸುಗೂರಿನ ಭತ್ತ ನಾಟಿ ಮಾಡುವ ಹೆಂಗಸರ ಮಾತುಗಳಿದ್ದ ಅಧ್ಯಾಯ, ಅವಳ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಆ ಲ್ಯಾಪ್‌ಟಾಪು ಈಚೆಗೆ ಫ್ಲಾಪಿಯನ್ನು ನುಂಗುತ್ತಿತ್ತು, ಓದುತ್ತಿರಲಿಲ್ಲ. ಪರದೆ ಆಗಾಗ ಕಣ್ಣು ಮುಚ್ಚುತ್ತಿತ್ತು. ಬ್ಯಾಟರಿ ಎಂದೋ ಸತ್ತಿತ್ತು. ಸಿಂಧನೂರಿನ ಡಿಟಿಪಿ ಅಂಗಡಿಯವನೋ, ಫ್ಲಾಪಿ ತಂದರೆ ಮಾತ್ರ ಅಚ್ಚು ಹಾಕುವೆ, ಊರವರ ಮಷೀನೆಲ್ಲ ನನ್ನ ಪ್ರಿಂಟರಿಗೆ ಹಚ್ಚುವುದಿಲ್ಲ ಎಂದುಬಿಟ್ಟಿದ್ದ.

ಉಳಿದದ್ದು ಮಾಮನ ಲ್ಯಾಪ್‌ಟಾಪು. ಪಂಪ್‌ಸೆಟ್ ವ್ಯಾಪಾರದ ಮಾಮನಿಗೆ ಹೈದರಾಬಾದಿನ ಗೆಳೆಯರೊಬ್ಬರು ಕೊಟ್ಟ ಹಳೆಯ ಯಂತ್ರ ಅದು. ಅದರಲ್ಲಿ ಅವರು ಇಸ್ಪೀಟು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಫ್ಲಾಪಿ ಡ್ರೈವ್ ಮಾತ್ರ ಹೊಸತರಂತೆ ಇತ್ತು. ಎರಡನ್ನೂ ಒಂದು ತಂತಿಯಿಂದ ಜೋಡಿಸಿದರೆ ಫೈಲು ಈ ಕಡೆಯಿಂದ ಆ ಕಡೆ ಹೋಗುತ್ತದೆ, ಅದಕ್ಕೆ ಬೇಕಾದ ಪುಟ್ಟ ಪ್ರೋಗ್ರಾಂ ಆಗಿನ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಡಾಸ್‌ನಲ್ಲೇ ಇದೆ ಎಂದು ನಾನು ಘೋಷಿಸಿದೆ. ರೇಡಿಯೋ ಅಂಗಡಿಯಲ್ಲಿ ಕನೆಕ್ಟರು ಕೊಂಡು, ನಾನೇ ಬೆಸುಗೆ ಹಾಕಿ ಕೇಬಲ್ ಮಾಡಿದೆ.

ಅಕ್ಕ ಲ್ಯಾಪ್‌ಟಾಪನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದ ದಿನ ಖಂಡೇಪೂಜೆ, ಅಂದರೆ ಆಯುಧಪೂಜೆ. ಅದು ನಮಗಾರಿಗೂ ಹೊಳೆದಿರಲಿಲ್ಲ. ಅತ್ತೆಗೆ ಹೊಳೆದಿತ್ತು.

ನಾವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಡಸಾಲೆಯ ಹಲಗೆಯ ಮೇಲೆ ಪಾನಾ, ಸುತ್ತಿಗೆ, ಈಳಿಗೆ, ಹೊಲಿಗೆ ಮಷೀನು, ಅವುಗಳ ನಡುವೆ ಎರಡೂ ಲ್ಯಾಪ್‌ಟಾಪುಗಳು ವಿಭೂತಿ, ಕುಂಕುಮ ಬಳಿದುಕೊಂಡು ಕುಳಿತಿದ್ದವು. ನನ್ನ ಕೇಬಲ್ಲಿಗೂ ಒಂದು ಚೆಂಡುಹೂವು ಸಿಕ್ಕಿತ್ತು.

"ಅತ್ತಿ, ಇವು ಇವತ್ತ ಬೇಕಿದ್ವು," ಎಂದಳು ಅಕ್ಕ, ಅಳುವ ದನಿಯಲ್ಲಿ.

"ಪೂಜಿಗೆ ಕುಂತ ಸಾಮಾನು ನಾಳಿ ತನಕ ಎಬ್ಬಸಂಗಿಲ್ಲವ್ವ. ಅವೂ ವರ್ಷಗಟ್ಟಲೆ ದುಡದಾವ, ಒಂದಿನ ಕುಂದ್ರಲಿ."

"ಮಾಮಂದು ಏನ್ ದುಡದೈತಿ ಅತ್ತಿ? ಇಸ್ಪೀಟ್ ಆಡೈತಿ," ಎಂದೆ ನಾನು.

"ಲೇ ಅಳಿಯಾ, ಬಾಯಿ ಮುಚ್ಚಲೇ," ಎಂದರು ಮಾಮ. "ಅಕಿ ನನಗೂ ಕುಂಕುಮ ಹಚ್ಚಿ ಹಲಗಿ ಮ್ಯಾಲ ಕುಂದ್ರಸ್ತಾಳ."

ದೇವರಿಗೂ ಡಾಸ್‌ಗೂ ಸಂಬಂಧವಿಲ್ಲ ಎಂದು ನಾನು ಒಂದು ಭಾಷಣ ಮಾಡಿದೆನಂತೆ. ನನಗೆ ನೆನಪಿಲ್ಲ. ಮಾಡಿರುತ್ತೇನೆ, ಆ ವಯಸ್ಸಿನಲ್ಲಿ ಯಾರೂ ಕೇಳದಿದ್ದರೂ ಮಾಡುತ್ತಿದ್ದೆ. ಹಲಗೆ ಮಾತ್ರ ಕದಲಲಿಲ್ಲ. ಅಕ್ಕ ದಿನವಿಡೀ ಅದರ ಎದುರು ಭಕ್ತೆಯಂತೆ ಕುಳಿತಿದ್ದಳು. ಮಾರನೆಯ ದಿನ ಬನ್ನಿಹಬ್ಬ, ಅಂದು ಸಂಜೆಯ ಬಸ್ಸಿಗೆ ಅವಳು ಫ್ಲಾಪಿ ಹಿಡಿದು ಸಿಂಧನೂರಿಗೆ ಹೋಗಲೇಬೇಕು. ಅದರ ಮರುದಿನ ಬೆಳಿಗ್ಗೆ ಅಚ್ಚು ಹಾಕಿಸಿ ಗುಲ್ಬರ್ಗದ ಬಸ್ಸು ಹತ್ತಬೇಕು. ಅದು ಕಡೆಯ ಗಡುವು. ತಪ್ಪಿದರೆ ಅಷ್ಟು ವರ್ಷಗಳ ಕೆಲಸ ನೀರಿನಲ್ಲಿ ಮಾಡಿದ ಹೋಮ.

ಬನ್ನಿಹಬ್ಬದ ಬೆಳಿಗ್ಗೆ ಎರಡನೇ ಆರತಿಯಾಗಿ ಸಾಮಾನು ಎದ್ದವು. ಆಗ ಗೊತ್ತಾಯಿತು, ಅತ್ತೆ ಕುಂಕುಮವನ್ನು ಮೇಲೆ ಮಾತ್ರ ಹಚ್ಚಿರಲಿಲ್ಲ.

"ವೈರು ಸಿಗಿಸೋ ಬಾಯಿಗೂ ಹಚ್ಚೀನಿ. ಹೊಲಿಗಿ ಮಷೀನಿಗೆ ಸೂಜಿಗೆ ಹಚ್ಚಂಗಿಲ್ಲೇನು? ಕೆಲಸ ಮಾಡೋ ಜಾಗಕ್ಕ ಹಚ್ಚಬೇಕು."

ತರ್ಕದಲ್ಲಿ ತಪ್ಪಿರಲಿಲ್ಲ. ಅದೇ ಸಿಟ್ಟು ಬರಿಸಿತು. ಒಂಬತ್ತು ಸೂಜಿಗಳ ಆ ಪೋರ್ಟಿನ ಒಳಗಿಂದ ಕುಂಕುಮವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಬಿಡಿಸುತ್ತ ಕುಳಿತೆ. ಮಧ್ಯಾಹ್ನ ಕೇಬಲ್ ಜೋಡಿಸಿದೆವು. ಏನೂ ಆಗಲಿಲ್ಲ. ಬಿಚ್ಚಿ ಜೋಡಿಸಿದೆವು. ಎರಡು ಯಂತ್ರಗಳೂ ಮುನಿಸಿಕೊಂಡ ಬೀಗರಂತೆ ಮುಖ ತಿರುವಿ ಕುಳಿತವು.

"ಕುಂಕುಮ ಒಳಗ ಉಳದೈತಿ," ಎಂದೆ.

"ನಿನ್ನ ವೈರು ಸರಿ ಇಲ್ಲ," ಎಂದರು ಅತ್ತೆ, ಅಡುಗೆಮನೆಯಿಂದಲೇ, ತಿರುಗಿಯೂ ನೋಡದೆ.

"ಅತ್ತಿ, ನಾ ಎಮ್ಮೆಸ್ಸಿ ಮಾಡೀನಿ."

"ಮಾಡಿದ್ರ ಮಾಡು. ಎಮ್ಮೆಸ್ಸಿಗೂ ಹಚ್ಚತಿದ್ದೆ, ಮನಿಗೆ ತಂದಿದ್ರ."

ಸಂಜೆ ಜನ ಬನ್ನಿ ಕೊಡಲು ಬರತೊಡಗಿದರು. ಇಲ್ಲಿಂದ ಮುಂದೆ ನನ್ನ ನೆನಪು ಬಹಳ ಚೆಂದವಾಗಿದೆ, ಆದ್ದರಿಂದಲೇ ಅನುಮಾನ. ಪಕ್ಕದ ಮನೆಯ ಹಿರಿಯರೂ ಮಾಮನೂ ಎದುರುಬದುರು ನಿಂತು, ಇಬ್ಬರೂ ಬನ್ನಿ ಎಲೆ ಹಿಡಿದ ಕೈಯನ್ನೇ ಮುಂದೆ ಚಾಚಿ, "ನೀವು ದೊಡ್ಡವರು ತಗೋರಿ", "ಛೇ, ನೀವು ತಗೋರಿ" ಎಂದು ಎಲೆಗಳನ್ನೆಲ್ಲ ಹೊಸ್ತಿಲಲ್ಲಿ ಉದುರಿಸಿದರು.

"ಇಬ್ಬರೂ ಕೊಡಾಕ ನಿಂತ್ರ ತಗೊಳ್ಳೋರು ಯಾರ್ರೀ?" ಎಂದು ಅತ್ತೆ ನಕ್ಕರು.

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಆ ಕೇಬಲ್ಲಿನಲ್ಲಿ ಒಂದು ತಂತಿ ಮಾತಾಡಲು, ಒಂದು ಕೇಳಲು. ಈ ಕಡೆಯ ಬಾಯಿ ಆ ಕಡೆಯ ಕಿವಿಗೆ ಸೇರುವಂತೆ ತಂತಿಗಳನ್ನು ಅಡ್ಡ ಹಾಯಿಸಬೇಕು. ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಿಸಿದ್ದೆ. ದೀಪ ಹತ್ತಿದ್ದು ನಿಜವಾಗಿ ಬನ್ನಿ ಎಲೆಯಿಂದಲೋ, ಚೀಲದಲ್ಲಿದ್ದ ಪುಸ್ತಕದ ಚಿತ್ರ ನೋಡಿಯೋ, ಹೇಳಲಾರೆ. ಪುಸ್ತಕವಿದ್ದದ್ದು ಹೌದು.

ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಈ ಸಲ ಮಾಮನ ಲ್ಯಾಪ್‌ಟಾಪಿನಲ್ಲಿ ಅಕ್ಕನ ಡಿಸ್ಕು ಕಾಣಿಸಿಕೊಂಡಿತು. ಕಾಪಿ ಮಾಡಲು ಹೇಳಿ ಗುಂಡಿ ಒತ್ತಿದೆ. ಡಾಸ್ ಮೌನಿ. ಕೆಲಸ ಮುಗಿದ ಮೇಲೆ 'ಒಂದು ಫೈಲು ಕಾಪಿಯಾಯಿತು' ಎಂಬ ಅರ್ಥದ ಒಂದೇ ಸಾಲು ಬರೆಯುತ್ತದೆ, ಅಲ್ಲಿಯವರೆಗೆ ಉಸಿರೆತ್ತುವುದಿಲ್ಲ.

"ಹೊಂಟತೇನೋ?" ಅಕ್ಕ ನನ್ನ ಅಂಗಿಯ ತೋಳು ಹಿಡಿದಿದ್ದಳು.

"ಹೊಂಟೈತಿ."

"ನಿನಗ ಹ್ಯಾಂಗ ಗೊತ್ತು?"

ಗೊತ್ತಿರಲಿಲ್ಲ. ಅಷ್ಟರಲ್ಲಿ ಮಾಮ, "ಲೇ, ಸಿಂಧನೂರು ಬಸ್ ಬರೋ ಹೊತ್ತಾತು, ಹೋಗಿ ಅಡ್ಡ ನಿಂದ್ರು ಓಡು!" ಎಂದು ನನ್ನನ್ನು ದಬ್ಬಿದರು. ನಾನು ಓಡಿದೆ. ಹಿಂದೆ ಮನೆಯಿಂದ "ಅಯ್ಯೋ ಕರೆಂಟು!" ಎಂಬ ಕೂಗು ಕೇಳಿಸಿತು. ಬೀದಿ ದೀಪಗಳೂ ಆರಿದವು.

ಆ ಸಾಲು ಕರೆಂಟು ಹೋಗುವ ಮೊದಲು ಬಂತೋ, ಬರಲೇ ಇಲ್ಲವೋ? ನಾನು ಅಲ್ಲಿರಲಿಲ್ಲ. ಡ್ರೈವರನನ್ನು ಮಾತಿಗೆಳೆದು ಬಸ್ಸನ್ನು ಹಿಡಿದಿಟ್ಟೆ. ಕರೆಂಟು ಮರಳಿತು. ಸ್ವಲ್ಪ ಹೊತ್ತಿಗೆ ಅಕ್ಕ ಫ್ಲಾಪಿಯನ್ನು ಎದೆಗವಚಿಕೊಂಡು ಓಡಿ ಬಂದು, ಏದುಸಿರಿನಲ್ಲಿ ಬಸ್ಸು ಹತ್ತಿ ಹೊರಟೇ ಹೋದಳು.

ಅವಳಿಗೆ ಪಿಎಚ್.ಡಿ. ಬಂತು. ಆದರೆ ಅಂದಿನಿಂದ ಮನೆಯಲ್ಲಿ ಎರಡು ಮತ. ಅರ್ಧ ಮಾತ್ರ ಬಂದಿತ್ತು, ಉಳಿದರ್ಧವನ್ನು ಅಂಗಡಿಯಲ್ಲಿ ಕುಳಿತು ನೆನಪಿನಿಂದ ಟೈಪು ಮಾಡಿದಳು ಎಂದು ಮಾಮ.

"ದಢೇಸುಗೂರಿನ ಹೆಂಗಸರ ಮಾತು ಅರ್ಧ ನನ್ನ ಸೊಸೀವು ಇರಬೇಕು ನೋಡ್ರಿ," ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಅಕ್ಕ ಪ್ರತಿ ಸಲ ಕೆರಳುತ್ತಿದ್ದಳು.

"ಪೂರಾ ಬಂದಿತ್ತು ಮಾಮ! ಒಂದಕ್ಷರ ನಂದಲ್ಲ, ಎಲ್ಲಾ ಅವರಂದದ್ದ!"

ಕುಂಕುಮ ಹಚ್ಚದಿದ್ದರೆ ಅಷ್ಟೂ ಬರುತ್ತಿರಲಿಲ್ಲ ಎಂದು ಅತ್ತೆ. ಹಾಗಾದರೆ ಮತ ಮೂರು.

ಬಹಳ ವರ್ಷಗಳ ಮೇಲೆ, ಎರಡೂ ಲ್ಯಾಪ್‌ಟಾಪುಗಳು ಗುಜರಿ ಸಾಮಾನಾಗಿ ನನ್ನ ಪಾಲಿಗೆ ಬಂದವು. ಬೇರೆ ಪರದೆ ಹಚ್ಚಿ ಎರಡನ್ನೂ ಎಬ್ಬಿಸಿದೆ. ಅಕ್ಕನದು ಮೂರು ಸಲ ಗೊಣಗಿ ಎದ್ದಿತು. ಆರನೆಯ ಅಧ್ಯಾಯದ ಫೈಲು ಎರಡರಲ್ಲೂ ಇತ್ತು. ಗಾತ್ರ ನೋಡಿದೆ, ನಂಬದೆ ಒಂದಕ್ಕೊಂದು ಹೋಲಿಸಿಯೂ ನೋಡಿದೆ. ಎರಡೂ ಒಂದೇ, ಕಡೆಯ ಬೈಟಿನವರೆಗೆ.