ಮಾತು ಬಿಟ್ಟ ರಾಜ

ನನ್ನ ಗಂಡ ಮಾತು ನಿಲ್ಲಿಸಿದಾಗ ನನಗೆ ಏಳು ತಿಂಗಳು ತುಂಬಿತ್ತು. ಅವರು ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಮೈಸೂರಿನಲ್ಲಿ ಅವರ ಅಮ್ಮ ತೀರಿಕೊಂಡ ಸುದ್ದಿ ಬಂದಾಗ ಡ್ಯೂಟಿಯಲ್ಲಿದ್ದರು. ಕೆಲಸ ಮುಗಿಸಿಯೇ ಮನೆಗೆ ಬಂದು, ಷೂ ಕೂಡ ಬಿಚ್ಚದೆ ಸೋಫಾದ ಮೇಲೆ ಕೂತರು. ಅಂದಿನಿಂದ ಕೇಳಿದ್ದಕ್ಕೆ ಉತ್ತರವಿಲ್ಲ, ಬಡಿಸಿದರೆ ಊಟ. ನಮ್ಮ ಫ್ಯಾಮಿಲಿ ಡಾಕ್ಟರು ಖಿನ್ನತೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಸಮಯ ಬೇಕು ಎಂದರು. ಎಷ್ಟು ಸಮಯ ಎಂದು ಹೇಳಲು ಅವರಿಂದಲೂ ಆಗಲಿಲ್ಲ.

ನನ್ನದು ಪಕ್ಕದ ಸಾಲ್ಫರ್ಡ್‌ನಲ್ಲಿ ಟಿವಿ ಕಾರ್ಯಕ್ರಮಗಳಿಗೆ ಸಬ್‌ಟೈಟಲ್ ಬರೆಯುವ ಕೆಲಸ. ಆ ವಾರ ಬಂದದ್ದು ಹಳೆಯ ಕಾಲದ ಒಬ್ಬ ಇಂಗ್ಲಿಷ್ ರಾಜನ ಕಥೆ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ಪಟ್ಟಕ್ಕೆ ಬಂದವನು. ಜಗಳ ಕಂಡರಾಗದ, ಪ್ರಾರ್ಥನೆಯಲ್ಲೇ ಮುಳುಗಿರುತ್ತಿದ್ದ ಮನುಷ್ಯ. ಅಪ್ಪ ಗೆದ್ದುಕೊಟ್ಟಿದ್ದ ಫ್ರಾನ್ಸಿನ ನೆಲವೆಲ್ಲ ಇವನ ಕಾಲದಲ್ಲಿ ಕೈತಪ್ಪಿತು. ಕೊನೆಯ ಸೋಲಿನ ಹೊತ್ತಿಗೆ ಇದ್ದಕ್ಕಿದ್ದಂತೆ ಮಾತು ನಿಂತುಹೋಯಿತು. ರಾಣಿ ಗಂಡುಮಗು ಹೆತ್ತಳು. ಕೂಸನ್ನು ತಂದು ತೋರಿಸಿದರೆ ಅರಸ ನೆಲ ನೋಡಿದ. ಆ ಸಾಲು ಟೈಪ್ ಮಾಡಿ, ವಿಡಿಯೋ ನಿಲ್ಲಿಸಿ ಎದ್ದುಹೋದೆ.

ಒಂದೂವರೆ ವರ್ಷದ ನಂತರ ಅವನು ಎಚ್ಚೆತ್ತು ಮಗನ ಹೆಸರೇನೆಂದು ಕೇಳಿದನಂತೆ. ಸಂಜೆ ಚಹಾ ಕೊಡುತ್ತಾ ಅಲ್ಲಿಯವರೆಗಿನ ಕಥೆಯನ್ನಷ್ಟೇ ಗಂಡನಿಗೆ ಹೇಳಿದೆ. ಅವರು ಕಪ್ ಹಿಡಿದುಕೊಂಡು ಕಿಟಕಿ ನೋಡುತ್ತಿದ್ದರು.

ಮಗಳು ಹುಟ್ಟಿದಳು. "ರೀ, ನಿಮ್ಮ ಮಗಳು. ನೋಡ್ರೀ," ಎಂದು ತೊಡೆಯ ಮೇಲಿಟ್ಟೆ. ಬೀಳದಂತೆ ಹಿಡಿದರು, ಅಷ್ಟೇ. ಒಂದೂವರೆ ವರ್ಷ ಎನ್ನುವುದು ತಲೆಯೊಳಗೆ ಕೊರೆಯುತ್ತಲೇ ಇತ್ತು.

ಹೆರಿಗೆಯಾದ ಐದನೇ ವಾರ ನಾನು ಅಡುಗೆಮನೆಯಲ್ಲಿದ್ದಾಗ ಹಾಲ್‌ನಿಂದ ಒಡಕು ದನಿ ಕೇಳಿಸಿತು. "ಇವಳಿಗೆ ಬಿಕ್ಕಳಿಕೆ ಬರ್ತಿದೆ ಕಣೇ."

ಸೌಟು ಹಿಡಿದುಕೊಂಡೇ ಓಡಿದೆ.

ದಿನಕ್ಕೆ ನಾಲ್ಕು ಮಾತು, ಆಮೇಲೆ ಹತ್ತು. ಆದರೂ ನನ್ನ ಎದೆ ತಣ್ಣಗಾಗಲಿಲ್ಲ. ಕಥೆಯ ಉಳಿದರ್ಧಕ್ಕೂ ನಾನೇ ಸಬ್‌ಟೈಟಲ್ ಬರೆದಿದ್ದೆನಲ್ಲ. ಚೇತರಿಸಿಕೊಂಡ ಆ ರಾಜ ದಾಯಾದಿಗಳ ಯುದ್ಧದಲ್ಲಿ ಎರಡು ಸಲ ಪಟ್ಟ ಕಳೆದುಕೊಂಡ. ನಡುವೆ ನಮ್ಮ ಈ ಲ್ಯಾಂಕಾಶೈರ್ ಕಡೆಯೇ ಅವರಿವರ ಮನೆಗಳಲ್ಲಿ ಅಡಗಿದ್ದು, ಹೊಳೆ ದಾಟುವಾಗ ಸಿಕ್ಕಿಬಿದ್ದ. ಕೊನೆಗೆ ಲಂಡನ್ನಿನ ಸೆರೆಯಲ್ಲಿ ಸತ್ತ.

ಒಂದು ಭಾನುವಾರ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಗಂಡ ಕೇಳಿದರು, "ಆ ರಾಜನ ಕಥೆ ಹೇಳಿದ್ಯಲ್ಲ, ಆಮೇಲೇನಾಯ್ತು?"

"ಚೆನ್ನಾಗೇ ಇದ್ದ."

"ಸುಳ್ಳು ಹೇಳ್ಬೇಡ. ನಾನೂ ಫೋನಲ್ಲಿ ಓದಿದೀನಿ." ಮಗಳ ಬೆನ್ನು ತಟ್ಟಿದರು. "ಎದ್ದ ತಕ್ಷಣ ಅವನನ್ನ ಸಿಂಹಾಸನದ ಮೇಲೆ ಕೂರಿಸಿಬಿಟ್ರು. ನಂಗಿನ್ನೂ ಆಗಲ್ಲ. ಇನ್ನೂ ಮೂರು ತಿಂಗಳು ರಜ ಕೇಳ್ತೀನಿ."

ನನ್ನ ಗಂಡ ತಮಗೆಂದು ಏನನ್ನಾದರೂ ಕೇಳುತ್ತೇನೆಂದದ್ದು ಅದೇ ಮೊದಲು. ರಜ ಸಿಕ್ಕಿತು. ಅದು ಮುಗಿದು ಈಗ ವಾರಕ್ಕೆ ಮೂರು ದಿನ ಡ್ಯೂಟಿಗೆ ಹೋಗುತ್ತಾರೆ. ತಿಂಡಿ ತಿನ್ನುವಾಗ ಐದು ನಿಮಿಷ ಸುಮ್ಮನಾದರೆ ಸಾಕು, ಚಟ್ನಿಗೆ ಉಪ್ಪು ಸರಿಯಿದೆಯಾ ಎಂದು ಕೇಳಿಬಿಡುತ್ತೇನೆ.