ಗೋಡೆಯ ಮೇಲಿದ್ದ ಬೋರ್ಡು

ಬಲಗೈಯ ತೋರುಬೆರಳನ್ನು ದರದ ಚೀಟಿಯ ಮೇಲೆ ಒತ್ತಿ ಹಿಡಿದು, ತುಟಿ ಅಲುಗಿಸುತ್ತ ನಿಲ್ಲುತ್ತಿದ್ದರು ಅವ್ವಾರು. ಅರಿಶಿನ ಹತ್ತಿ ಆ ಉಗುರು ಸದಾ ಹಳದಿ. ನಾನು ಆಗ ರಾಯಾಪುರದ ದೊಡ್ಡ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಮೇಲ್ವಿಚಾರಕ. ಅವರು ನಮ್ಮ ಓಣಿಯವರೇ, ನನಗಿಂತ ಬಹಳ ದೊಡ್ಡವರು.

ಕೌಂಟರಿನ ಮೇಲಿನ ಗೋಡೆಗೆ ಒಂದು ಬೋರ್ಡು ಇತ್ತು: ಚೀಟಿಯಲ್ಲಿರುವುದಕ್ಕಿಂತ ಬಿಲ್ಲಿನಲ್ಲಿ ದರ ಹೆಚ್ಚು ಬಂದರೆ ಆ ಸಾಮಾನು ಪುಕ್ಕಟೆ. ಹಳೆ ಚೀಟಿ ಬದಲಿಸುವುದನ್ನು ನಮ್ಮವರು ಮರೆಯುತ್ತಿದ್ದರು, ಅವ್ವಾರು ಮಾತ್ರ ಏನನ್ನೂ ಮರೆಯುತ್ತಿರಲಿಲ್ಲ. ಬುಟ್ಟಿಯಲ್ಲಿದ್ದ ಎಲ್ಲದರ ದರ ತಲೆಯಲ್ಲೇ ಇರುತ್ತಿತ್ತು. ಆಗಾಗ ಎಣ್ಣೆಯೋ ಅವಲಕ್ಕಿಯೋ ಪುಕ್ಕಟೆ ಸಿಗುತ್ತಿತ್ತು. ಹಿಂದೆ ನಿಂತವರಿಗೂ, "ಬಿಲ್ ನೋಡ್ಕೋರಿ, ನಾಚಿಕಿ ಯಾಕ? ಅವರೇ ಬರದು ಹಾಕ್ಯಾರ" ಎನ್ನುತ್ತಿದ್ದರು. ಹಾಗೆ ಸಿಕ್ಕ ಅವಲಕ್ಕಿಗೆ ಒಗ್ಗರಣೆ ಹಾಕಿ ನಮ್ಮ ಬಿಲ್ಲಿಂಗ್ ಹುಡುಗಿಯರಿಗೇ ತಂದುಕೊಟ್ಟದ್ದೂ ಉಂಟು.

ಅವರಿಗಿದ್ದದ್ದು ಒಂದೇ ಹೆದರಿಕೆ. ಅವರ ತಾಯಿ ಕೊನೆಗೆ ಹೆತ್ತ ಮಕ್ಕಳ ಗುರುತನ್ನೇ ಮರೆತಿದ್ದರಂತೆ. "ನನ್ನ ತಲಿ ನೆಟ್ಟಗ ಅದನೋ ಇಲ್ಲೋ, ನಿಮ್ಮ ಅಂಗಡ್ಯಾಗ ಗೊತ್ತಾಗ್ತದ ನೋಡೋ ತಮ್ಮಾ" ಎಂದು ನಗುತ್ತಿದ್ದರು.

ಹೊಸ ಮ್ಯಾನೇಜರು ಬಂದವರೇ ಬೋರ್ಡು ತೆಗೆಸಿದರು. ಏಣಿ ಹತ್ತಿ ತೆಗೆದವನು ನಾನೇ. ಅದೇ ಸಂಜೆ ಅವ್ವಾರ ಸೋಪಿನ ಪುಡಿಗೆ ಹೆಚ್ಚು ದರ ಬಿತ್ತು. ಪುಕ್ಕಟೆ ಕೊಡು ಎಂದರು. ಮ್ಯಾನೇಜರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಬೋರ್ಡು ತೆಗೆದಿದ್ದೇವೆ ಎಂದಿದ್ದರೆ ಸಾಕಾಗಿತ್ತು. ಮಾತು ಬೆಳೆದೀತೆಂದು ಹೆದರಿ, "ಅಂಥಾ ಬೋರ್ಡ್ ಇಲ್ಲಿ ಎಂದೂ ಇರ್ಲಿಲ್ರಿ ಅವ್ವಾರ" ಎಂದುಬಿಟ್ಟೆ.

ಸಾಲಿನಲ್ಲಿ ಯಾರೋ ಅರಳು ಮರಳು ಎಂದು ನಕ್ಕರು. ಅವ್ವಾರು ಬರಿ ಗೋಡೆಯನ್ನು ನೋಡಿದರು, ಆಮೇಲೆ ನನ್ನ ಮುಖವನ್ನು. ಓಣಿಯವನು ಸುಳ್ಳು ಹೇಳಲಾರ ಎಂದುಕೊಂಡಿರಬೇಕು. "ಇರ್ಲಿಲ್ಲೇನು?" ಎಂದು ಮೆಲ್ಲಗೆ ಕೇಳಿ, ಹಣ ಕೊಟ್ಟು ಹೋದರು.

ಆಮೇಲೆ ಸಂತೆಗೆ, ಅಂಗಡಿಗೆ ಹೋಗುವ ಕೆಲಸವೆಲ್ಲ ಅವರ ಸೊಸೆಯ ಪಾಲಾಯಿತು. ಗ್ಯಾಸ್ ಆರಿಸಿದ್ದೇನೆಯೇ ಎಂದು ಅವ್ವಾರು ಸೊಸೆಯನ್ನು ಮತ್ತೆ ಮತ್ತೆ ಕೇಳುತ್ತಾರೆಂದು ನನ್ನ ಹೆಂಡತಿ ಹೇಳಿದಳು. ನಾನು ಸುಮ್ಮನಿದ್ದೆ. ಕೆಲಸ ಬಿಟ್ಟ ಮೇಲೂ ಒಂದು ವರ್ಷ ಸುಮ್ಮನೇ ಇದ್ದೆ.

ಕೊನೆಗೆ ಅವ್ವಾರ ಮನೆಗೆ ಹೋಗಿ ನಿಜ ಹೇಳಿದೆ. ಬೈಸಿಕೊಳ್ಳಲು ಸಿದ್ಧನಾಗಿದ್ದೆ. ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತು, "ಅಂದ್ರ, ಬೋರ್ಡ್ ಇತ್ತು?" ಎಂದರು. ಇತ್ತು ಎಂದೆ. ಅವರು ಅಡಿಗೆಮನೆಯ ಕಡೆ ತಿರುಗಿ ಸೊಸೆಯನ್ನು ಕರೆದರು.

"ಇನ್ನೊಮ್ಮಿ ಹೇಳೋ ತಮ್ಮಾ. ಈಕಿ ಮುಂದ ಹೇಳು."

ಹೇಳಿದೆ. ಮರುದಿನ ಅವ್ವಾರು ತಾವೇ ಚೀಲ ಹಿಡಿದು ಹೊರಟರು.

ಹೋದ ಚಳಿಗಾಲ ಅವರು ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ಬಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ನನ್ನನ್ನು ತಮ್ಮಾ ಎಂದೇ ಕರೆದರು. ಮನೆಯೊಳಗೆ ಹೆದರಿ ಕೂತು ಕಳೆದ ಆ ದಿನಗಳನ್ನು ಒಮ್ಮೆಯೂ ಎತ್ತಿ ಆಡಲಿಲ್ಲ.